ಕೈಯ ದುಡಿಮೆಯೂ ತುಟಿಯ ಮಾತೂ

ಓದತಕ್ಕ ಭಾಗಗಳು: ಜ್ಞಾನೋಕ್ತಿಗಳು 14:23, 26:13-22. ನೆಹೆಮೀಯ 6:1-15. ಮತ್ತಾಯ 12:33-37, 20:1-16. ಎಫೆಸ 4:28, 29. 2 ಥೆಸಲೋನಿಕ 3:6-13.



ಜ್ಞಾನೋಕ್ತಿಗಳ ಗ್ರಂಥದ 14ನೆಯ ಅಧ್ಯಾಯದಲ್ಲಿ 23ನೆಯ ವಚನವು ಅತಿ ಚಿಕ್ಕದಾಗಿದ್ದರೂ ಅದರ ಅರ್ಥವು ಚಿಕ್ಕದಲ್ಲ. ಕಷ್ಟಪಟ್ಟು ಮಾಡಿದ ಯಾವ ಕೆಲಸದಲ್ಲಾದರೂ ಏನಾದರೊಂದು ಉಳಿಯುವದೆಂದೂ, ಬರೀ ತುಟಿಯ ಮಾತಿನಿಂದ ಮನುಷ್ಯನು ಇಲ್ಲದವನಾಗುವನೆಂದೂ ಅದರ ತಾತ್ಪರ್ಯವು. ನಮ್ಮ ಹಿರಿಯರು ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿದ್ದೂ ಇದೇ ಭಾವದಿಂದಲೇ. ಆದರೆ ಗಾದೆಯು ಒಂದು ಕಡೆಯನ್ನು ಮಾತ್ರ ತೋರಿಸುತ್ತದೆ. ಜ್ಞಾನಿಯ ಮಾತಾದರೋ ಎರಡು ಕಡೆಗಳನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತದೆ. ಈ ತಿಂಗಳ ಪಾಠದಲ್ಲಿ ನಾವು ಆ ತಕ್ಕಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ.

1. ದುಡಿಮೆ ಎಂಬ ಮಾತಿನ ಅರ್ಥ

ಇಬ್ರಿಯ ಭಾಷೆಯಲ್ಲಿ ಇಲ್ಲಿ ದುಡಿಮೆಗೆ ಬಳಸಿರುವ ಶಬ್ದವು ಎತ್ಸೆವ್ ಎಂಬದು. ಅದರಲ್ಲಿ ನೋವೂ ಆಯಾಸವೂ ಸೇರಿವೆ. ಆದಿಕಾಂಡ 3:17ರಲ್ಲಿ ಆದಾಮನು ಭೂಮಿಯಿಂದ ಕಷ್ಟಪಟ್ಟು ಆಹಾರವನ್ನು ಹೊಂದಬೇಕಾಗುವದೆಂದು ಹೇಳಿರುವಲ್ಲಿಯೂ ಅದೇ ಮೂಲದ ಶಬ್ದವಿದೆ. ಆದದರಿಂದ ಜ್ಞಾನಿಯು ಸುಖವಾದ ಕೆಲಸವನ್ನು ಹೊಗಳುವವನಲ್ಲ. ಬೆನ್ನು ಬಾಗುವ, ಅಂಗೈ ಬೊಬ್ಬೆಯೇಳುವ ಕೆಲಸವನ್ನೇ ನೋಡಿ, ಇದರಲ್ಲಿಯೂ ಮಿಗುವದುಂಟು ಎಂದು ಹೇಳುತ್ತಾನೆ.

ಇದು ಗ್ರಾಮಸಭೆಗಳ ನಮಗೆ ಎಷ್ಟೋ ಆದರಣೆಯಾಗಿದೆ. ಯಾಕಂದರೆ ಈ ದೇಶದಲ್ಲಿ ಕೈಯಿಂದ ದುಡಿಯುವವರನ್ನು ಕೀಳೆಂದು ಎಣಿಸುವ ವಾಡಿಕೆಯು ಬಹುಕಾಲ ನಡೆಯಿತು. ಈಗಲೂ ಅದು ಪೂರ್ಣವಾಗಿ ಸತ್ತಿಲ್ಲ. ದೇವರ ವಾಕ್ಯವಾದರೋ ಹಾಗೆ ಎಣಿಸುವದಿಲ್ಲ. ಕರ್ತನಾದ ಯೇಸುವನ್ನು ಆತನ ಊರಿನವರು ಬಡಗಿಯೆಂದೇ ತಿಳಿದಿದ್ದರು (ಮಾರ್ಕ 6:3). ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಸಂಗಡ ಕೂತು ಗುಡಾರಗಳನ್ನು ಮಾಡಿದನು (ಅ. ಕೃತ್ಯಗಳು 18:3). ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಸುವಾರ್ತೆಯನ್ನು ಕೇಳಿದವನು ತನ್ನ ಕೈಗಳಿಂದ ಅನ್ನವನ್ನು ಸಂಪಾದಿಸಿ ತಲೆಯೆತ್ತಿ ನಡೆಯಲಿ ಎಂಬ ಆಲೋಚನೆಯು ಅಂಥ ಕೆಲಸಗಳ ಹಿಂದೆ ಇತ್ತು.

ಕಾರ್ತಿಕ ಮಾಸದ ಕಡೇ ಸೋಮವಾರದಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಯು ಕೂಡುವದನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಸುತ್ತಣ ಸೀಮೆಗಳ ರೈತರು ರಸ್ತೆಯ ಎರಡು ಪಕ್ಕಗಳಲ್ಲಿ ಕಾಯಿಯನ್ನು ರಾಶಿ ಹಾಕಿ ಸೇರಿನಿಂದ ಅಳೆದು ಮಾರುತ್ತಾರೆ. ಕಡಲೆಯ ಗಿಡವನ್ನು ಬೆಳೆಸಿದವರಿಗೆ ಅದರ ನಡತೆಯು ಗೊತ್ತೇ ಇದೆ. ಹಳದಿ ಹೂವು ಮೇಲೆ ಕಾಣುತ್ತದೆ. ಹೂವು ಬಾಡಿದ ಮೇಲೆ ಅದರ ತೊಟ್ಟು ಕೆಳಗೆ ಬಾಗಿ, ಮಣ್ಣಿನೊಳಗೆ ಇಳಿದು, ಯಾರ ಕಣ್ಣಿಗೂ ಬೀಳದೆ ಅಲ್ಲಿಯೇ ಕಾಯಿ ಕಟ್ಟುತ್ತದೆ. ಪರಿಷೆಯ ದಿವಸದಲ್ಲಿ ಕೊಳ್ಳುವವನು ಹೂವಿನ ಸುದ್ದಿಯನ್ನು ಕೇಳುವದಿಲ್ಲ; ಕಾಯಿಯನ್ನು ಒಡೆದು ಒಳಗೆ ಬೀಜವುಂಟೋ ಎಂದು ನೋಡುತ್ತಾನೆ. ದುಡಿಮೆಯೂ ಹೀಗೆಯೇ. ಅದು ಮಣ್ಣಿನೊಳಗೆ ನಡೆಯುವದು. ಅದರ ಲೆಕ್ಕವು ಕಡೆಗೆ ಸೇರಿನಲ್ಲಿ ಆಗುವದು.

2. ಕೆಲಸವಿಲ್ಲದ ಮಾತು

ವಚನದ ಎರಡನೆಯ ಭಾಗದಲ್ಲಿ ತುಟಿಗಳ ಮಾತು ಎಂಬದುಂಟು. ಇದೇ ನುಡಿಯು ಅರಸುಗಳ ಎರಡನೆಯ ಗ್ರಂಥದ 18:20ರಲ್ಲಿಯೂ ಬಂದಿದೆ. ಅಶ್ಶೂರದ ಅರಸನು ಕಳುಹಿಸಿದ ರಬ್ಷಾಕೆಯು, ಯುದ್ಧಕ್ಕೆ ಆಲೋಚನೆಯೂ ಬಲವೂ ಬೇಕಾಗಿರುವಲ್ಲಿ ಹಿಜ್ಕೀಯನ ಬಳಿಯಲ್ಲಿ ತುಟಿಯ ಮಾತು ಮಾತ್ರ ಇದೆಯೆಂದು ಹೀಯಾಳಿಸಿದನು. ಇದರಿಂದ ಆ ನುಡಿಯ ಅರ್ಥವು ಸ್ಪಷ್ಟವಾಗುವದು. ಏನನ್ನೂ ಹೊತ್ತುಕೊಳ್ಳದ, ಏನನ್ನೂ ತಾಳಿಕೊಳ್ಳದ, ತುಟಿಯಲ್ಲಿ ಹುಟ್ಟಿ ತುಟಿಯಲ್ಲಿಯೇ ಮುಗಿಯುವ ಮಾತು ಅದು.

ನಮ್ಮ ಕರ್ತನು ಮತ್ತಾಯ 12:36ರಲ್ಲಿ, ಮನುಷ್ಯರು ಆಡುವ ಪ್ರತಿಯೊಂದು ವ್ಯರ್ಥವಾದ ಮಾತಿಗಾಗಿ ನ್ಯಾಯತೀರ್ಪಿನ ದಿವಸದಲ್ಲಿ ಲೆಕ್ಕ ಕೊಡಬೇಕಾಗುವದೆಂದು ಎಚ್ಚರಿಸಿದನು. ಅಲ್ಲಿ ವ್ಯರ್ಥವೆಂಬದಕ್ಕೆ ಗ್ರೀಕ್ ಭಾಷೆಯಲ್ಲಿ ಆರ್ಗೊಸ್ ಎಂಬ ಶಬ್ದದ ರೂಪವಿದೆ. ಎರ್ಗೊನ್ ಅಂದರೆ ಕೆಲಸ. ಆರ್ಗೊಸ್ ಅಂದರೆ ಕೆಲಸವಿಲ್ಲದ್ದು. ಹಾಗಾದರೆ ಕರ್ತನು ಖಂಡಿಸಿದ್ದು ಕೆಲಸವಿಲ್ಲದ ಮಾತನ್ನು, ಅಂದರೆ ಯಾರಿಗೂ ಉಪಯೋಗವಾಗದೆ ಬೀದಿಬೀದಿ ಅಲೆಯುವ ಮಾತನ್ನು.

ಇಂಥ ಮಾತಿನಿಂದ ಏನು ಕೇಡು? ಗಾಳಿಯಲ್ಲಿ ಹೋಗಿಬಿಡುವದಲ್ಲವೇ? ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವು ಬೆಂಗಳೂರಿನ ಚಾಮರಾಜಪೇಟೆಯಲ್ಲಿದೆ. 2018ನೆಯ ಇಸವಿ ಮೇ ತಿಂಗಳಲ್ಲಿ, ಮಕ್ಕಳನ್ನು ಕದಿಯುವವರು ಊರೂರಿಗೆ ಬಂದಿದ್ದಾರೆಂಬ ವದಂತಿಯು ಮೊಬೈಲ್ ಫೋನುಗಳ ಮೂಲಕ ನಮ್ಮ ರಾಜ್ಯದಲ್ಲೆಲ್ಲಾ ಹಬ್ಬಿತು. ಅದು ಸುಳ್ಳೆಂದು ಪೊಲೀಸರು ತಿಳಿಸುತ್ತಿದ್ದರೂ ಜನರು ಒಬ್ಬರಿಂದೊಬ್ಬರಿಗೆ ಕಳುಹಿಸುತ್ತಲೇ ಇದ್ದರು. ಆ ತಿಂಗಳ 23ನೆಯ ತಾರೀಖಿನಲ್ಲಿ, ರಾಜಸ್ಥಾನದಿಂದ ಜೀವನೋಪಾಯಕ್ಕಾಗಿ ಬಂದಿದ್ದ ಒಬ್ಬ ಯೌವನಸ್ಥನನ್ನು ಚಾಮರಾಜಪೇಟೆಯಲ್ಲಿ ಜನರು ಮಕ್ಕಳ ಕಳ್ಳನೆಂದು ಶಂಕಿಸಿ, ಕಟ್ಟಿ ಎಳೆದು ಹೊಡೆದರು, ಅವನು ಸತ್ತುಹೋದನು. ಅವನು ಕಳ್ಳನಾಗಿರಲಿಲ್ಲ.

ವಾಚಕರೇ, ಇದನ್ನು ಸ್ವಲ್ಪ ಆಲೋಚಿಸಿರಿ. ಹೊಡೆದವರು ಕೆಲವರು. ಆದರೆ ಆ ಸುದ್ದಿಯನ್ನು ಹೊತ್ತುತಂದ ಬೆರಳುಗಳು ಎಷ್ಟು! ಅವರಲ್ಲಿ ಬಹುಜನರು ತಾವು ಪರೋಪಕಾರ ಮಾಡಿದೆವೆಂದೇ ನೆನಸಿರಬೇಕು. ನಾವು ಹೇಳಿದ್ದಲ್ಲ, ಬಂದದ್ದನ್ನು ಕಳುಹಿಸಿದೆವು ಎಂದು ಅವರು ಹೇಳುವರು. ಜ್ಞಾನೋಕ್ತಿಗಳು 26:18, 19ರಲ್ಲಿ, ಕೊಳ್ಳಿಗಳನ್ನೂ ಬಾಣಗಳನ್ನೂ ಎಸೆಯುವ ಹುಚ್ಚನಿಗೆ, ನೆರೆಯವನನ್ನು ಮೋಸಗೊಳಿಸಿ ತಮಾಷೆಗೆ ಮಾಡಿದೆನೆನ್ನುವವನನ್ನು ಹೋಲಿಸಿದೆ. 20ನೆಯ ವಚನವು ಇನ್ನೊಂದು ಮಾತನ್ನು ಕೂಡಿಸುತ್ತದೆ: ಸೌದೆಯಿಲ್ಲದಿದ್ದರೆ ಬೆಂಕಿಯು ತಾನಾಗಿ ಆರುವದು, ಚಾಡಿಗಾರನಿಲ್ಲದಿದ್ದರೆ ಜಗಳವೂ ಹಾಗೆಯೇ ಶಮನವಾಗುವದು ಎಂದು. ಹಾಗಾದರೆ ಬೆಂಕಿಯನ್ನು ಹೊತ್ತಿಸಿದವನು ಮಾತ್ರವಲ್ಲ, ಒಂದು ಕಡ್ಡಿಯನ್ನು ಒಟ್ಟಿದವನೂ ಲೆಕ್ಕ ಕೊಡತಕ್ಕವನೇ.

ಈ ವಿಷಯದಲ್ಲಿ ಪಟ್ಟಣಕ್ಕೂ ಹಳ್ಳಿಗೂ ಭೇದವಿಲ್ಲ. ಹಿಂದೆ ಅರಳಿಕಟ್ಟೆಯ ಮೇಲೆ ಹುಟ್ಟಿದ ಮಾತು ಮುಂದಿನ ಊರಿಗೆ ಹೋಗುವಷ್ಟರಲ್ಲಿ ಸಂತೆಯ ದಿವಸ ಬರಬೇಕಾಗಿತ್ತು. ಅಷ್ಟರಲ್ಲಿ ಅದು ಸುಳ್ಳೆಂದು ತಿಳಿಯುವದಕ್ಕೆ ಸಮಯವಿರುತ್ತಿತ್ತು. ಈಗ ಕಟ್ಟೆಯು ಪ್ರತಿಯೊಬ್ಬನ ಜೇಬಿನಲ್ಲಿದೆ, ಸಂತೆಯು ಪ್ರತಿ ಗಳಿಗೆಯಲ್ಲಿ ಕೂಡುತ್ತದೆ.

3. ಕೆಲಸ ಮಾಡಿದ ಮಾತು

ಹಾಗಾದರೆ ಮಾತೇ ಕೆಟ್ಟದ್ದೋ? ಬಾಯಿ ಮುಚ್ಚಿಕೊಂಡಿರುವದೇ ಭಕ್ತಿಯೋ? ಹಾಗಲ್ಲ. ಅದೇ ಚಾಮರಾಜಪೇಟೆಯಲ್ಲಿ ಇನ್ನೊಂದು ಚಿತ್ರವೂ ಉಂಟು.

1915ನೆಯ ಇಸವಿ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವು ಚಾಮರಾಜಪೇಟೆಯಲ್ಲಿದೆ. ಆ ಪರಿಷತ್ತಿನವರು ಒಂದು ದೊಡ್ಡ ಕನ್ನಡ ನಿಘಂಟನ್ನು ಮಾಡಲು ಕೈಹಾಕಿದರು. ಶಾಸನಗಳಿಂದಲೂ ಕಾವ್ಯಗಳಿಂದಲೂ ಒಂದೊಂದಾಗಿ ಶಬ್ದಗಳನ್ನು ಹೆಕ್ಕಿ, ಪ್ರತಿ ಶಬ್ದವು ಎಲ್ಲಿ ಯಾವ ಅರ್ಥದಲ್ಲಿ ಬಂದಿದೆಯೆಂದು ಆಧಾರದೊಡನೆ ಬರೆದುಕೊಂಡು, ಹೋಲಿಸಿ, ತಿದ್ದಿ, ಅಚ್ಚುಹಾಕಿಸುವ ಕೆಲಸವು ಹಲವು ದಶಕಗಳ ವರೆಗೆ ನಡೆಯಿತು. ಆರಂಭಿಸಿದವರಲ್ಲಿ ಎಷ್ಟೋ ಮಂದಿ ಮುಕ್ತಾಯವನ್ನು ಕಾಣಲಿಲ್ಲ. 1995ರಲ್ಲಿ ಅದು 8 ಸಂಪುಟಗಳಾಗಿ ಪೂರ್ಣವಾಯಿತು. ಅದರ ಸಂಪಾದಕರಾಗಿ ದೀರ್ಘಕಾಲ ದುಡಿದ ಜಿ. ವೆಂಕಟಸುಬ್ಬಯ್ಯನವರು ಬೆಂಗಳೂರಿನ ವಿಜಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. 1913ರಲ್ಲಿ ಹುಟ್ಟಿ, 2021ರಲ್ಲಿ, 107 ವರುಷದ ವಯಸ್ಸಿನಲ್ಲಿ ತೀರಿಹೋದರು.

ಈ ಕೆಲಸಕ್ಕೆ ಅಸ್ತಿವಾರ ಹಾಕಿದವರಲ್ಲಿ ಮಿಶನರಿಗಳೂ ಇದ್ದರೆಂಬದನ್ನು ನಮ್ಮ ಸಭೆಗಳವರು ತಿಳಿದಿರಬೇಕು. ಬಳ್ಳಾರಿಯ ಲಂಡನ್ ಮಿಶನಿನ ವಿಲ್ಲಿಯಂ ರೀವ್ ಎಂಬವರು 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ವೆಸ್ಲಿಯನ್ ಮಿಶನಿನ ಡೇನಿಯಲ್ ಸ್ಯಾಂಡರ್ಸನ್ ಎಂಬವರು ಅದನ್ನು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದರು. ಬಾಸೆಲ್ ಮಿಶನಿನ ಫೆರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ಈ ದೇಶಕ್ಕೆ ಬಂದರು. ಅವರ ನಿಘಂಟು 1894ರಲ್ಲಿ ಮಂಗಳೂರಿನ ಮಿಶನ್ ಅಚ್ಚುಕೂಟದಿಂದ ಹೊರಟಿತು. ಬಂದ ದಿವಸದಿಂದ ಆ ದಿವಸದ ವರೆಗೆ 41 ವರುಷಗಳು. ಸುಮಾರು 70,000 ಶಬ್ದಗಳಿರುವ ಆ ಗ್ರಂಥದಲ್ಲಿ ನಮ್ಮ ರೈತರೂ ಹೆಂಗಸರೂ ಆಡುವ ಗಾದೆಗಳನ್ನೂ ಅವರು ಸೇರಿಸಿದರು. ಪಂಡಿತರು ಕೀಳೆಂದು ಬಿಟ್ಟಿದ್ದ ಹಳ್ಳಿಯ ಮಾತುಗಳನ್ನು ಆ ಪುಟಗಳಲ್ಲಿ ಕಾವ್ಯದ ಮಾತುಗಳ ಪಕ್ಕದಲ್ಲಿ ಕಾಣಬಹುದು.

ಈಗ ಎರಡು ಚಿತ್ರಗಳನ್ನೂ ಹೋಲಿಸಿ ನೋಡಿರಿ. ಎರಡರಲ್ಲಿಯೂ ಕನ್ನಡದ ಮಾತುಗಳೇ ಇವೆ. ಒಂದು ಕಡೆಯಲ್ಲಿ ಮಾತನ್ನು ಯಾರೂ ಪರೀಕ್ಷಿಸದೆ ಕ್ಷಣಮಾತ್ರದಲ್ಲಿ ಸಾವಿರಾರು ಜನರಿಗೆ ದಾಟಿಸಿದರು. ಅದರಿಂದ ಒಬ್ಬ ತಾಯಿಯ ಮಗನು ಸತ್ತನು. ಮತ್ತೊಂದು ಕಡೆಯಲ್ಲಿ ಒಂದೊಂದು ಮಾತಿಗೂ ಆಧಾರವೇನು, ಯಾರು ಹೇಳಿದರು, ಎಲ್ಲಿ ಹೇಳಿದರು ಎಂದು ವಿಚಾರಿಸಿ, ವರುಷಗಟ್ಟಲೆ ಬೆವರು ಸುರಿಸಿದರು. ಅದರಿಂದ ಒಂದು ಭಾಷೆಯ ಮಕ್ಕಳೆಲ್ಲರೂ ಲಾಭ ಹೊಂದಿದರು. ಭೇದವು ಮಾತಿನಲ್ಲಿಲ್ಲ, ಮಾತಿನ ಹಿಂದಿರುವ ದುಡಿಮೆಯಲ್ಲಿದೆ.

ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ 28ನೆಯ ವಚನವು ಕೈಯನ್ನು ಕುರಿತದ್ದು, 29ನೆಯದು ಬಾಯನ್ನು ಕುರಿತದ್ದು. ಕದಿಯುತ್ತಿದ್ದವನು ಇನ್ನು ಮೇಲೆ ಕೈಯಾರೆ ದುಡಿಯಲಿ, ಕೊರತೆಯಿರುವವನಿಗೆ ಕೊಡುವಂತಾಗಲಿ ಎಂದು ಹೇಳಿದ ಕೂಡಲೇ, ಬಾಯಿಂದ ಹೊರಡುವ ಮಾತು ಕೇಳುವವರಿಗೆ ಉಪಕಾರವಾಗುವಂಥದ್ದಾಗಿರಲಿ ಎಂದು ಹೇಳುತ್ತಾನೆ. ಕೈಗೂ ಬಾಯಿಗೂ ಒಂದೇ ನಿಯಮ: ಎರಡೂ ಮತ್ತೊಬ್ಬನಿಗೆ ಕೊಡತಕ್ಕವುಗಳೇ.

4. ಈ ವಚನವನ್ನು ಬಡವನ ಮೇಲೆ ಎಸೆಯಬಾರದು

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ದುಡಿಮೆಯಿಂದ ಲಾಭವಾದರೆ, ದಿನವೆಲ್ಲಾ ದುಡಿಯುವ ಕೂಲಿಯವನು ಯಾಕೆ ಬಡವನಾಗಿರುತ್ತಾನೆ? ಅವನು ಸೋಮಾರಿಯೇ ಆಗಿರಬೇಕು ಎಂದು ಹೇಳುವವರಿದ್ದಾರೆ. ನೆರಳಿನಲ್ಲಿ ಕೂತು ಹೀಗೆ ಹೇಳುವ ಮಾತು ತಾನೇ ಕೆಲಸವಿಲ್ಲದ ಮಾತು.

ಅದೇ ಜ್ಞಾನೋಕ್ತಿಗಳ 13:23ರಲ್ಲಿ, ಬಡವನ ಹೊಲದಲ್ಲಿ ಬೇಕಾದಷ್ಟು ಬೆಳೆಯುವದುಂಟು, ಆದರೆ ಅನ್ಯಾಯದಿಂದ ಅದು ಬಡಿದುಕೊಂಡು ಹೋಗುವದು ಎಂಬ ಭಾವವಿದೆ. ಯಾಕೋಬನು ತನ್ನ ಪತ್ರಿಕೆಯ 5:4ರಲ್ಲಿ, ಪೈರನ್ನು ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯು ತಾನೇ ಕೂಗುತ್ತದೆಂದೂ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆಯೆಂದೂ ಬರೆಯುತ್ತಾನೆ. ನಮ್ಮ ದೇಶದಲ್ಲಿ 1976ರಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕಾನೂನು ಆಗಬೇಕಾಯಿತು. ಜೀತದಾಳುಗಳು ದುಡಿಯಲಿಲ್ಲವೆಂದು ಯಾರು ಹೇಳಾರು? ಅವರ ದುಡಿಮೆಯಲ್ಲಿ ಮಿಕ್ಕದ್ದು ಇನ್ನೊಬ್ಬನ ಕಣಜಕ್ಕೆ ಹೋಯಿತು.

ಮತ್ತಾಯ 20ನೆಯ ಅಧ್ಯಾಯವನ್ನು ಓದಿರಿ. ದ್ರಾಕ್ಷೆಯ ತೋಟದ ಯಜಮಾನನು ಸಂತೆಬೀದಿಯಲ್ಲಿ ಸುಮ್ಮನೆ ನಿಂತಿದ್ದವರನ್ನು ಕಂಡನು. ಅಲ್ಲಿ ಸುಮ್ಮನೆ ಎಂಬದಕ್ಕೆ ಮೊದಲು ಹೇಳಿದ ಆರ್ಗೊಸ್ ಎಂಬ ಶಬ್ದವೇ ಇದೆ. ಯಾಕೆ ನಿಂತಿದ್ದೀರೆಂದು ಅವನು ಕೇಳಿದಾಗ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂದು ಅವರು ಉತ್ತರ ಕೊಟ್ಟರು. ಯಜಮಾನನು ಅವರನ್ನು ಬೈಯಲಿಲ್ಲ, ದುಡಿಮೆಯ ವಿಷಯವಾಗಿ ಉಪದೇಶವನ್ನೂ ಮಾಡಲಿಲ್ಲ. ತೋಟಕ್ಕೆ ಕರೆದನು, ಸಂಜೆಯಲ್ಲಿ ಕೂಲಿಯನ್ನು ಕೊಟ್ಟನು. ಕೆಲಸವಿಲ್ಲದ ಮಾತನ್ನು ಕರ್ತನು ಖಂಡಿಸುತ್ತಾನೆ; ಕೆಲಸವಿಲ್ಲದ ಮನುಷ್ಯನಿಗಾದರೋ ಕೆಲಸ ಕೊಡುವ ಯಜಮಾನನನ್ನು ತೋರಿಸುತ್ತಾನೆ. ಈ ಭೇದವನ್ನು ನಾವು ಮರೆಯಬಾರದು.

ಪೌಲನು ಥೆಸಲೋನಿಕದವರಿಗೆ ದುಡಿಯಲೊಲ್ಲದವನು ಉಣ್ಣಬಾರದೆಂದು ಬರೆದದ್ದು ನಿಜ. ಒಲ್ಲದವನು ಎಂದನು, ಆರದವನು ಎನ್ನಲಿಲ್ಲ. ಮುದುಕರು, ರೋಗಿಗಳು, ಕೆಲಸ ಸಿಕ್ಕದವರು ಈ ಮಾತಿನೊಳಗೆ ಸೇರುವದಿಲ್ಲ. ಆತನು ಮುಂದಿನ ವಚನದಲ್ಲಿ ಕೆಲಸದಲ್ಲಿ ತೊಡಗದೆ ಪರರ ಕೆಲಸದಲ್ಲಿ ಮೂಗು ತೂರಿಸುವವರ ವಿಷಯವನ್ನು ಎತ್ತಿದ್ದರಿಂದ, ಯಾರನ್ನು ಕುರಿತು ಹೇಳಿದನೆಂಬದು ತಿಳಿಯುತ್ತದೆ. ಆ ಮೇಲೆ 13ನೆಯ ವಚನದಲ್ಲಿ, ಒಳ್ಳೇದನ್ನು ಮಾಡುವದರಲ್ಲಿ ಬೇಸರಪಡಬಾರದೆಂದೂ ಸಹೋದರರಿಗೆ ಹೇಳಿದನು.

ಮನೆಮನೆ ತಿರುಗಿ ಹರಟೆ ಹೊಡೆಯುವ ಕೆಲವು ಯೌವನದ ವಿಧವೆಯರನ್ನು ಕುರಿತು 1 ತಿಮೊಥೆಯ 5:13ರಲ್ಲಿ ಹೇಳಿದ್ದನ್ನು ಹೆಂಗಸರಿಗೇ ಮೀಸಲಾದ ದೋಷವೆಂದು ಎತ್ತಿ ಆಡುವ ಗಂಡಸರಿಗೂ ಒಂದು ಮಾತು. ಕೋಳಿ ಕೂಗುವ ಮುಂಚೆ ಎದ್ದು, ನೀರು ಹೊತ್ತು, ಕಳೆ ಕಿತ್ತು, ಸಂಜೆಯಲ್ಲಿ ಒಲೆಯ ಮುಂದೆ ಕೂರುವವಳು ಯಾರು? ಕಾಫಿ ಅಂಗಡಿಯ ಬೆಂಚಿನ ಮೇಲೆ ಹೊತ್ತು ಕಳೆಯುವವರು ಯಾರು? ನಿಮ್ಮ ನಿಮ್ಮ ಊರಿನಲ್ಲಿ ನೀವೇ ಎಣಿಸಿ ನೋಡಿರಿ.

5. ಗೋಡೆಯನ್ನು ಕಟ್ಟುವವರು

ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸುತ್ತಿದ್ದಾಗ ಸನ್ಬಲ್ಲಟನೂ ಗೆಷೆಮನೂ ಓನೋ ಬಯಲಿಗೆ ಬಾ, ಮಾತಾಡೋಣ ಎಂದು ನಾಲ್ಕು ಸಾರಿ ಹೇಳಿಕಳುಹಿಸಿದರು. ಐದನೆಯ ಸಾರಿ ಬಂದದ್ದು ಮುಚ್ಚದ ಕಾಗದ. ಯೆಹೂದ್ಯರು ತಿರುಗಿಬೀಳುವರೆಂಬ ಸುಳ್ಳು ಸುದ್ದಿಯು ಅದರಲ್ಲಿತ್ತು. ಕಾಗದವು ಮುಚ್ಚದೆ ಬಂದದ್ದರಿಂದ ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾಗಿತ್ತು. ನೆಹೆಮೀಯನು ಆ ಮಾತು ಸುಳ್ಳೆಂದು ಒಂದೇ ಉತ್ತರ ಕೊಟ್ಟು, ಕೈಗಳಿಗೆ ಬಲವನ್ನು ಕೊಡಬೇಕೆಂದು ದೇವರನ್ನು ಬೇಡಿ, ಕೆಲಸಕ್ಕೆ ಹಿಂತಿರುಗಿದನು. 52 ದಿವಸಗಳಲ್ಲಿ ಗೋಡೆಯು ಮುಗಿಯಿತು.

ಬೆಂಗಳೂರಿನವರೂ ಇಂಥ ಒಂದು ಕಾಲವನ್ನು ಕಂಡರು. 1898ರಲ್ಲಿ ಪ್ಲೇಗು ಆ ಊರಿನ ಇಕ್ಕಟ್ಟಾದ ಪೇಟೆಗಳನ್ನು ಹಿಡಿಯಿತು. ಆ ವರುಷಗಳಲ್ಲಿ ಚುಚ್ಚುಮದ್ದಿನ ವಿಷಯವಾಗಿಯೂ ಆಸ್ಪತ್ರೆಗಳ ವಿಷಯವಾಗಿಯೂ ಭಯಂಕರವಾದ ವದಂತಿಗಳು ಭಾರತ ದೇಶದಲ್ಲೆಲ್ಲಾ ಹರಡಿದ್ದವು. ಅವುಗಳನ್ನು ನಂಬಿ ರೋಗಿಗಳನ್ನು ಬಚ್ಚಿಟ್ಟ ಮನೆಗಳು ಅನೇಕ. ಆ ಮದ್ದನ್ನು ಮುಂಬಯಿಯಲ್ಲಿ ಸಿದ್ಧಮಾಡಿದ ಹಾಫ್ಕಿನ್ ಎಂಬ ವೈದ್ಯಶಾಸ್ತ್ರಜ್ಞನಾದರೋ 1897ರ ಜನವರಿ 10ರಲ್ಲಿ ಮೊದಲು ತನ್ನ ದೇಹಕ್ಕೇ ಅದನ್ನು ಚುಚ್ಚಿಕೊಂಡಿದ್ದನು. ವದಂತಿಗೆ ಅದಕ್ಕಿಂತ ಒಳ್ಳೇ ಉತ್ತರವಿಲ್ಲ. ಪ್ಲೇಗಿನ ತರುವಾಯ ಬಸವನಗುಡಿಯೂ ಮಲ್ಲೇಶ್ವರವೂ ಗಾಳಿ ಬೆಳಕುಗಳಿರುವ ಅಗಲವಾದ ಬೀದಿಗಳ ಬಡಾವಣೆಗಳಾಗಿ ಬೆಳೆದವು. ವದಂತಿಗಳನ್ನು ಹುಟ್ಟಿಸಿದವರು ಬಿಟ್ಟುಹೋದದ್ದು ಏನೂ ಇಲ್ಲ. ಅಳತೆಯ ಸರಪಣಿಯನ್ನು ಹಿಡಿದವರೂ ಕಲ್ಲು ಹೊತ್ತವರೂ ಬಿಟ್ಟುಹೋದ ಬೀದಿಗಳಲ್ಲಿ ಜನರು ಇಂದಿಗೂ ನಡೆಯುತ್ತಾರೆ.

ನಮ್ಮ ಗ್ರಾಮಸಭೆಗಳಲ್ಲಿಯೂ ಕಟ್ಟಬೇಕಾದ ಗೋಡೆಗಳಿವೆ. ಪ್ರಾರ್ಥನಾಮಂದಿರದ ಮಾಡು ಸೋರುತ್ತಿರುವಾಗ, ಹೋದ ವರುಷದ ಲೆಕ್ಕದಲ್ಲಿ ಯಾರು ತಪ್ಪು ಮಾಡಿದರೆಂಬ ಮಾತು ಮೂರು ತಿಂಗಳು ನಡೆಯುವದುಂಟು. ಲೆಕ್ಕವನ್ನು ಕೇಳುವದು ನ್ಯಾಯವೇ. ಕೂಟದಲ್ಲಿ ಎದ್ದು ಕೇಳಿರಿ, ಪುಸ್ತಕವನ್ನು ತೆರೆದು ನೋಡಿರಿ, ಅದು ಕೆಲಸ. ಕೂಟದಲ್ಲಿ ಸುಮ್ಮನಿದ್ದು ಹೊರಗೆ ಬಂದು ಪಿಸುಗುಟ್ಟುವದು ಕೆಲಸವಲ್ಲ. ಮಾತು ಮನೆ ಕೆಡಿಸಿತು ಎಂಬ ಗಾದೆಯು ದೇವರ ಮನೆಗೂ ಸಲ್ಲುತ್ತದೆ.

ಆದದರಿಂದ ಈ ತಿಂಗಳಲ್ಲಿ ಮೂರು ಕಾರ್ಯಗಳನ್ನು ಅಭ್ಯಾಸಮಾಡೋಣ. ಮೊದಲನೆಯದು, ಯಾವ ಸುದ್ದಿಯಾದರೂ ಬಂದರೆ ಇದನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳೋಣ. ಉತ್ತರ ಸಿಕ್ಕದಿದ್ದರೆ ಅದು ನಮ್ಮಲ್ಲಿಯೇ ಸಾಯಲಿ. ಎರಡನೆಯದು, ಒಬ್ಬನ ವಿಷಯವಾಗಿ ಮಾತಾಡುವ ಮುಂಚೆ ಅವನ ಸಂಗಡ ಮಾತಾಡೋಣ. ಮೂರನೆಯದು, ನೆರೆಯವನ ಕಷ್ಟದ ಕುರಿತು ಅಯ್ಯೋ ಎಂದಮೇಲೆ ಒಂದು ಗಳಿಗೆಯಾದರೂ ಅವನ ಹೊಲದಲ್ಲಿಯೋ ಮನೆಯಲ್ಲಿಯೋ ಕೈಹಾಕೋಣ. ಆಗ ನಮ್ಮ ಮಾತಿಗೂ ಕೆಲಸ ಸಿಕ್ಕೀತು.

ಕೈಯನ್ನೂ ಬಾಯನ್ನೂ ಉಂಟುಮಾಡಿದ ದೇವರು ಎರಡನ್ನೂ ನಮ್ಮಿಂದ ಲೆಕ್ಕ ಕೇಳುವನು. ಆತನು ನಮ್ಮ ಕೈಗಳನ್ನು ಬಲಪಡಿಸಿ ನಮ್ಮ ತುಟಿಗಳನ್ನು ಕಾಯಲಿ.

ವರ್ಗದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಆರ್ಗೊಸ್ ಎಂಬ ಶಬ್ದವು ಮತ್ತಾಯ 12:36ರಲ್ಲಿಯೂ 20:3, 6ರಲ್ಲಿಯೂ ಯಾರನ್ನು ಅಥವಾ ಏನನ್ನು ಕುರಿತು ಬಂದಿದೆ? ಎರಡು ಸ್ಥಳಗಳಲ್ಲಿಯೂ ಕರ್ತನ ಉತ್ತರವು ಒಂದೇಯೋ?

2. ದುಡಿಯಲೊಲ್ಲದವನಿಗೂ ದುಡಿಯಲಾರದವನಿಗೂ ನಮ್ಮ ಸಭೆಯಲ್ಲಿ ನಾವು ಭೇದ ಮಾಡುತ್ತೇವೋ?

3. ಹೋದ ವಾರದಲ್ಲಿ ನಾವು ಕೇಳಿದ ಯಾವ ಸುದ್ದಿಯನ್ನು ವಿಚಾರಿಸದೆ ಮತ್ತೊಬ್ಬರಿಗೆ ದಾಟಿಸಿದೆವು?

4. ನೆಹೆಮೀಯನು ಸುಳ್ಳು ಸುದ್ದಿಗೆ ಎಷ್ಟು ಮಾತುಗಳಲ್ಲಿ ಉತ್ತರ ಕೊಟ್ಟನು? ಆ ಮೇಲೆ ಏನು ಮಾಡಿದನು?

5. ನಮ್ಮ ಊರಿನಲ್ಲಿ ಮಾತಿನಿಂದ ನಿಂತುಹೋದ ಕೆಲಸವು ಯಾವದು? ಅದನ್ನು ತಿರಿಗಿ ಆರಂಭಿಸುವದಕ್ಕೆ ಮೊದಲು ಯಾರು ಕೈಹಾಕಬೇಕು?